ಯಾವ ಹಣ್ಣು, ಅವ್ವ?

ಅವ್ವ,

ಇವತ್ತು ಮುಂಡಗೋಡದ ಸಂತೆಯಲ್ಲಿ ನಿನ್ನ ಗೆಳತಿ ಪೇಮಾ ಸಿಕ್ಕಿದ್ದಳು. ಅದೇ, ಟಿಬೆಟನ್ ಕಾಲೊನಿಯಲ್ಲಿ ನಿನ್ನ ಜೊತೆ ಕೂತು ಗೋವಿನಜೋಳ ಸುಲಿಯುತ್ತಿದ್ದವಳು. "ನಿಮ್ಮವ್ವ ಹೆಂಗದಾಳ?" ಎಂದು ಕೇಳಿದಳು. ನೀನು ಹೋಗಿ ಐದು ತಿಂಗಳಾಯಿತು ಎನ್ನಲು ಬಾಯಿ ಬರಲಿಲ್ಲ. "ಹಣ್ಣಾಗ್ಯಾಳ್ರಿ" ಎಂದುಬಿಟ್ಟೆ.

ಅವಳದು ಸಂತೆಯಲ್ಲಿ ಕಲಿತ ಕನ್ನಡ. ತೀರಾ ವಯಸ್ಸಾದವರಿಗೆ ನಾವು ಹಾಗನ್ನುತ್ತೇವೆ ಎಂದು ಅವಳಿಗೆ ಗೊತ್ತಿಲ್ಲ, ಹಣ್ಣೆಂದರೆ ಹಣ್ಣೇ. "ಛಲೋ ಆತು ಬಿಡು. ಕಾಯಿ ಇದ್ದಾಗ ಭಾಳ ಒಗರು ಇದ್ಳು!" ಎಂದು ನಕ್ಕು, ನಿನಗೆಂದು ನಾಲ್ಕು ಚಿಕ್ಕು ಕೊಟ್ಟಳು. "ಕೊಡ್ತೇನ್ರಿ" ಎಂದೆ.

ಹೋದ ವರ್ಷ ಡಾಕ್ಟರ ಮುಂದೆಯೂ ನಾನು ಇದೇ ಮಾತು ಆಡಿದ್ದೆ. "ಹಣ್ಣಾಗ್ಯಾಳ್ರಿ. ಆಕಿನ್ನೇನು ಕೇಳ್ತೀರಿ, ನನ್ನ ಕೇಳ್ರಿ." ನೀನು ಪಕ್ಕದಲ್ಲೇ ಕುಳಿತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೊಣಕೈ ತಿವಿದು, "ದ್ರಾಕ್ಷಾಯಣಿ, ನಿನ್ನ ಹೆಸರಿನಾಗರ ದ್ರಾಕ್ಷಿ ಐತಿ. ನಾ ಯಾವ ಹಣ್ಣವಾ?" ಎಂದು ಕೇಳಿದೆ. ನನ್ನನ್ನು ನಗಿಸಲು ನೋಡಿದ್ದೆ ನೀನು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಇವತ್ತೂ ಅದೇ ಬಸ್ಸು. ಪಕ್ಕದ ಸೀಟು ಖಾಲಿ ಇತ್ತು, ಚಿಕ್ಕು ಅಲ್ಲಿಟ್ಟೆ. ಸಿಪ್ಪೆ ಒರಟು, ಒತ್ತಿದರೆ ಮೆತ್ತಗೆ. ಕಂಡಕ್ಟರ್ ಬಂದು, "ಇಲ್ಲಿ ಯಾರರ ಅದಾರೇನ್ರಿ?" ಎಂದ. ಹೌದೆಂದೆ. ಅವನು ಮುಂದೆ ಹೋದ ಮೇಲೆ ಆ ಸೀಟಿನ ಕಡೆ ತಿರುಗಿ, ಮೆಲ್ಲಗೆ ಹೇಳಿದೆ:

"ಚಿಕ್ಕು, ಅವ್ವ."