ಅಕ್ಕನ ಪಾಲಿನ ತೊಡೆ

ರುವಾತಾಹುನಾ, ಉತ್ತರ ದ್ವೀಪ

ಪ್ರೀತಿಯ ಅಕ್ಕನಿಗೆ,

ಜಿಂಕೆಯ ಹೊಟ್ಟೆಯನ್ನು ಚೂರಿಯಿಂದ ಒತ್ತಿ ಸೀಳಬೇಕೆಂದು ಕಳೆದ ಕಾರ್ಡಿನಲ್ಲಿ ಬರೆದಿದ್ದೆ. ಅದು ತಪ್ಪು, ಆ ಸಾಲನ್ನು ಅಳಿಸಿಬಿಡು. ಅಲಗು ಮೇಲ್ಮುಖವಾಗಿರಬೇಕು, ಎಡಗೈಯ ಎರಡು ಬೆರಳುಗಳು ಚರ್ಮದೊಳಗೆ ಹೊಕ್ಕು ಕರುಳನ್ನು ಕೆಳಗೆ ಅದುಮಿ ಹಿಡಿದಿರಬೇಕು. ನಾನೇ ಹೊಡೆದ ಮೊದಲ ಜಿಂಕೆಯನ್ನು ಇಂದು ಬೆಳಿಗ್ಗೆ ಹಾಗೆಯೇ ಸೀಳಿದೆ. ನೆರೆಮನೆಯ ಮೆರೆಯಾನಾ ಬೆನ್ನ ಹಿಂದೆ ನಿಂತು, "ಮೆಲ್ಲಗೆ ಮೇಷ್ಟ್ರೇ, ಕರುಳು ತೂತಾದ್ರೆ ನಾಯಿನೂ ಮೂಸಲ್ಲ!" ಎಂದು ಗದರುತ್ತಿದ್ದಳು. ತೂತಾಗಲಿಲ್ಲ. ಒಳಗಿನದೆಲ್ಲ ಒಂದೇ ರಾಶಿಯಾಗಿ ಜರೀಗಿಡಗಳ ಮೇಲೆ ಜಾರಿ, ಚಳಿಯಲ್ಲಿ ಹಬೆಯಾಡಿತು.

ಅವಳ ಹಿತ್ತಲಿನಲ್ಲಿ ಮಾಂಸವನ್ನು ತುಂಡು ಮಾಡಿ ಮುಗಿಸಿದಾಗ ಅವಳೆಂದಳು: "ಮೊದಲ್ನೇ ಬೇಟೆ ಹೊಡೆದೋರು ತಿನ್ನೋ ಹಾಗಿಲ್ಲ, ಪೂರ್ತಿ ಹಂಚ್ಬೇಕು. ನಮ್ಮನೆ ಬಿಟ್ಟು ಹೇಳಿ, ಯಾರ್ಯಾರ ಮನೆಗೆ?"

ಈ ಊರಿಗೆ ಬಂದು ಎರಡು ವರ್ಷವಾದರೂ ನನಗೆ ಹೇಳಲು ಒಂದು ಮನೆಯೂ ಇರಲಿಲ್ಲ.

"ಮೂವತ್ತೆಂಟು ವರ್ಷ ಹಾಜರಿ ಕೂಗಿದೋರಿಗೆ ಒಂದು ಹೆಸರೂ ಬರಲ್ವಾ?" ಎಂದು ನಕ್ಕಳು.

ನಿನ್ನ ಹೆಸರು ಹೇಳಿದೆ. ಅವಳ ನಗು ನಿಂತಿತು. ಹಿಂಗಾಲಿನ ಒಂದು ತೊಡೆಯನ್ನು ಚೀಲಕ್ಕೆ ಹಾಕಿ, ಮೇಲೆ ನಿನ್ನ ಹೆಸರು ಬರೆದು ತನ್ನ ಫ್ರೀಜರಿನಲ್ಲಿಟ್ಟಳು. ಉಳಿದದ್ದನ್ನು ಊರ ಹಿರಿಯರಿಗೆ ತಾನೇ ಕಳುಹಿಸಿದಳು.

ನನ್ನ ಮಂಡಿನೋವು ತಗ್ಗಿದೆ. ಮಾಂಸ ಆರು ತಿಂಗಳು ಕೆಡುವುದಿಲ್ಲವಂತೆ. ಅದನ್ನು ನಾನು ಮುಟ್ಟುವಂತಿಲ್ಲ, ಬೇರೆಯವರಿಗೆ ಕೊಡುವಂತೆಯೂ ಇಲ್ಲ. ನಿನ್ನ ದ್ವೀಪದಿಂದ ಇಲ್ಲಿಗೆ ಜಲಸಂಧಿ ದಾಟುವ ಹಡಗು ನಿನಗೆ ಒಗ್ಗದೆಂದು ಬಲ್ಲೆ, ಆದರೂ ಬಾ.

ನಿನ್ನ ತಮ್ಮ,
ಹ್ಯೂಬರ್ಟ್
೧೪ ಮೇ ೧೯೮೬, ಸಂಜೆ ೪ ಗಂಟೆ ೧೦ ನಿಮಿಷ