ಹಿಡಿಯದ ಉಪವಾಸ

ತೇರದಾಳ

ಅವ್ವಾ, ನಮಸ್ಕಾರ.

ಫೋನ್ ಮಾಡಿದರೆ ಅತ್ತಿ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಜಮಖಂಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ತೂಕ ಇಳಿಸಲು ನನಗೆ ಹೊಟ್ಟೆಯ ಆಪರೇಶನ್ ಆಗಿದ್ದು ನಿನ್ನನ್ನು, ಇವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತೆಳ್ಳಗಿನದನ್ನೇ ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು ಎಂದು ಡಾಕ್ಟರು ಹೇಳಿದ್ದರಲ್ಲ? ದಶಲಕ್ಷಣ ಪರ್ವದ ಮೊದಲ ದಿನ ನಾನು ತಾಟು ಸರಿಸಿದ್ದು ನೋಡಿ ಅತ್ತಿ ಬಸದಿಯಲ್ಲಿ, "ನಮ್ಮ ಶೀತಲ ಹತ್ತೂ ದಿನ ಉಪವಾಸ ಹಿಡದಾಳ್ರಿ!" ಎಂದುಬಿಟ್ಟರು. ನನ್ನನ್ನು ಜೋಳದ ಚೀಲ ಎನ್ನುತ್ತಿದ್ದ ಹೆಂಗಸರೇ ಕಾಲು ಮುಟ್ಟಿದರು. ನಾನು ಬಾಯಿ ಬಿಡಲಿಲ್ಲ. ಇವರಂತೂ, "ಛಲೋ ಆತು, ತಾನಾಗೇ ಮುಚ್ಚಿ ಹೋತು" ಎಂದರು.

ಈಗ ಉಪವಾಸದ ನೇಮದಂತೆ ನೀರೂ ದಿನಕ್ಕೆ ಒಂದೇ ಸಲ, ಎಲ್ಲರೆದುರು. ಒಮ್ಮೆಲೇ ಕುಡಿದರೆ ವಾಂತಿ. ಸ್ನಾನದ ನೆವದಲ್ಲಿ ಬಚ್ಚಲಿನ ಹಂಡೆ ನೀರು ಕುಡಿಯುತ್ತೇನೆ. ರೊಟ್ಟಿ ಬೇಯುವ ವಾಸನೆಗೆ ಅಳು ಬರುತ್ತದೆ. ನಿದ್ದೆಯಿಲ್ಲ, ಎದ್ದರೆ ಕಣ್ಣು ಕತ್ತಲೆ.

ಇದೆಲ್ಲ ಹೇಗೋ ತಡಕೊಂಡೇನು. ಆದರೆ ಇವತ್ತು ನಮ್ಮ ಚಂದನಾ, "ನಾನೂ ಅವ್ವನಂಗ" ಎಂದು ಹಾಲಿನ ಲೋಟ ದೂಡಿದಳು. ಮೂರು ವರ್ಷದ ಕೂಸು! ಅತ್ತಿ ಎತ್ತಿಕೊಂಡು ಮುದ್ದಿಟ್ಟು ಓಣಿಗೆಲ್ಲ ತೋರಿಸಿ ಬಂದರು. ಹೊಗಳಿಕೆಯ ರುಚಿ ಹತ್ತಿದ ಕೂಸು ನಾನೆಷ್ಟು ಬೇಡಿಕೊಂಡರೂ ಬಾಯಿ ತೆರೆಯುತ್ತಿಲ್ಲ. ಹೊತ್ತು ಮುಳುಗಿದರೆ ಈ ಮನೆಯಲ್ಲಿ ಯಾರಿಗೂ ಊಟವಿಲ್ಲ.

ಬೆಳಗಿನ ಬಸ್ಸಿಗೇ ಬಾ. ಸೋಸಿದ ಬೇಳೆ ಕಟ್ಟು ತಾ. ಅತ್ತಿಗೆ ನೀನು ಖರೇನೇ ಹೇಳು. ಅಷ್ಟರಲ್ಲಿ ನಾನು ಚಂದನಾಳ ಎದುರು ಕೂತು ಹಾಲು ಕುಡಿಯುತ್ತೇನೆ, ನನ್ನ ನೋಡಿ ಅವಳೂ ಕುಡಿದಾಳು.

ನಿನ್ನ
ಶೀತಲ