ಸೋತ ಸೆಲ್ಲು

ಗೌರೀಶ,

ನಿನ್ನೆ ಮಿಶ್ರಿಕೋಟಿಯ ನಿನ್ನ ಮನೆಗೆ ಹೋಗಿದ್ದೆ. ನೀನು ಮೊದಲು ಕರೆದು ಎರಡು ವರ್ಷವಾಗಿತ್ತು, ತೀರಿಕೊಂಡು ಐದು ತಿಂಗಳು.

"ಅಪ್ಪ ಇದ್ದಾಗ ಬಸ್ ಇರಲಿಲ್ಲೇನ್ರಿ ಕಾಕಾ?" ಎಂದಳು ನಿನ್ನ ಮಗಳು ನಂದಾ. ನಾನು ಚಹಾ ಕುಡಿದೆ.

ನೀನು ಕಳಿಸಿದ ಕ್ಯಾಸೆಟ್ಟಿನಲ್ಲಿರುವುದು ನಮ್ಮ ಗುರುಗಳ ದನಿಯಲ್ಲ, ಶ್ರುತಿ ಏರಿದೆ, ನೀನೇ ಹಾಡಿ ಅವರ ಹೆಸರು ಹಚ್ಚಿದ್ದೀ ಎಂದು ನಾನು ಲೇಖನ ಬರೆದಿದ್ದೆ. "ಗುರುವಾರ ಬಾರಲೇ, ಇಬ್ಬರೂ ಕೂತು ಕೇಳೂಣು" ಎಂದು ನೀನು ಬರೆದೆ. ಮೊದಲು ಪುರಾವೆ ಕಳಿಸು ಎಂದು ನಾನು ಬರೆದೆ. "ಅದು ಟಪಾಲಿನಾಗ ಬರೂದಲ್ಲ, ಕಿವಿಲೆ ಕೇಳೂದು" ಎಂದು ಮತ್ತೊಂದು ಗುರುವಾರ ಸೂಚಿಸಿದೆ. ನಾನು ಮತ್ತೆ ಪುರಾವೆ ಕೇಳಿದೆ.

ನಂದಾ ನಿನ್ನ ಟೇಪ್ ರೆಕಾರ್ಡರನ್ನೂ ಕರವಸ್ತ್ರದಲ್ಲಿ ಕಟ್ಟಿದ ನಾಲ್ಕು ಸೆಲ್ಲುಗಳನ್ನೂ ತಂದಿಟ್ಟಳು.

"ಸೋತ ಸೆಲ್ ರೀ. ಹಾಡು ಹಿಡಿದ ದಿನ ಕರೆಂಟ್ ಇರಲಿಲ್ಲಂತ, ಸೆಲ್ಲೂ ಮುಗಿಯಾಕ ಬಂದು ಟೇಪ್ ನಿಧಾನ ತಿರುಗಿತ್ತಂತ. ಅದಕ್ಕ ಚಲೋ ಸೆಲ್ ಹಾಕಿ ಹಚ್ಚಿದ್ರ ದನಿ ಏರತೈತಿ. ನೀವು ಬರ್ತೀರಂತ ಇವನ್ನ ತೆಗೆದಿಟ್ಟಿದ್ರು."

ಅವನ್ನು ಹಾಕಿದಾಗ ದನಿ ಕೆಳಗಿಳಿಯಿತು. ಗುರುಗಳು ಎಂದಿನಂತೆ ಒಮ್ಮೆ ಕೆಮ್ಮಿ ಷಡ್ಜ ಹಚ್ಚಿದರು. ಬಾಜೂಕ್ಕೆ ನಿನ್ನ ತಂಬೂರಿ ಕೇಳುತ್ತಿತ್ತು. ಹಾಡು ಸ್ಥಾಯಿ ದಾಟಿ ಅಂತರಾಕ್ಕೆ ಬರುವ ಮೊದಲೇ ಸೆಲ್ಲು ಪೂರ್ತಿ ಸೋತು ಟೇಪು ನಿಂತಿತು.

"ಹೊಸಾವು ಅದಾವ್ರಿ ಕಾಕಾ. ಹಾಕ್ಲೇನ್ರಿ?"

ಬ್ಯಾಡವ್ವಾ ಎಂದೆ. ಹೊಸ ಸೆಲ್ಲು ಹಾಕಿ ಕೇಳಿಯೇ ನಾನು ಆ ಲೇಖನ ಬರೆದದ್ದು.

ಸಂಗನಬಸವ